ಕೈಗೆ ದುಡ್ಡು ಬಂದರೆ ಕೂಸಿನ ಮೆದುಳು ಬೆಳೆಯುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮೂಡಿಗೆರೆ ಕಡೆ ಸಣ್ಣದೊಂದು ಅಂಗಡಿ ಇಟ್ಟುಕೊಂಡಿದ್ದೇನೆ. ಜೆರಾಕ್ಸ್, ಫೋಟೋ, ಆನ್‌ಲೈನ್ ಅರ್ಜಿ, ಇಷ್ಟೇ ಕೆಲಸ. ಭಾನುವಾರ ಬಂದರೆ ಕಾಫಿ ಎಸ್ಟೇಟಿನ ಲೈನ್ ಮನೆಗಳಿಂದ, ಅಂದರೆ ಕೂಲಿಯವರ ಸಾಲು ಮನೆಗಳಿಂದ, ಹೆಂಗಸರು ಬರುತ್ತಾರೆ, ಸೊಂಟದಲ್ಲೊಂದು ಕೂಸು, ಕೈಯಲ್ಲಿ ಪ್ಲಾಸ್ಟಿಕ್ ಕವರು, ಕವರಿನೊಳಗೆ ಆಧಾರ್, ರೇಷನ್ ಕಾರ್ಡ್, ತಾಯಿ ಕಾರ್ಡ್. "ಅಕ್ಕ, ದುಡ್ಡು ಬಂತಾ ನೋಡಿ" ಅಂತ ಶುರುವಾದ ಮಾತು ಮಗುವಿನ ಊಟ, ನಿದ್ದೆ, ಸ್ಕೂಲು ಅಂತ ಎಲ್ಲೆಲ್ಲೋ ಹೋಗುತ್ತದೆ. ಬೇರೆಯವರೂ ಕೇಳುತ್ತಾರೆ, ಮೇಷ್ಟ್ರುಗಳು, ತೋಟದ ಸಾಹುಕಾರರು, ನಮ್ಮ ಮನೆಯವರೇ: "ಸರ್ಕಾರ ಹೀಗೆ ಸುಮ್ನೆ ದುಡ್ಡು ಹಂಚಿದರೆ ಮಕ್ಕಳು ಬುದ್ಧಿವಂತರಾಗಿಬಿಡ್ತಾರಾ?" ಈ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಒಂದಷ್ಟು ವರ್ಷದಿಂದ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ಅದನ್ನೇ ಇಲ್ಲಿ ಹಾಕುತ್ತಿದ್ದೇನೆ.

ದುಡ್ಡಿಗೂ ಮೆದುಳಿಗೂ ಏನು ಸಂಬಂಧ?

ನೇರ ಸಂಬಂಧ ಏನೂ ಇಲ್ಲ. ನೋಟು ಮೆದುಳಿಗೆ ಹೋಗಲ್ಲ. ಆದರೆ ನೋಟು ಎಲ್ಲೆಲ್ಲಿ ಹೋಗುತ್ತದೋ ಅಲ್ಲೆಲ್ಲ ಮೆದುಳಿಗೆ ಬೇಕಾದ್ದು ಇದೆ.

ಮೊದಲ ಕೆಲವು ವರ್ಷ ಮಗುವಿನ ತಲೆಯೊಳಗೆ ಪ್ರತಿ ಸೆಕೆಂಡಿಗೆ 10 ಲಕ್ಷಕ್ಕೂ ಜಾಸ್ತಿ ಹೊಸ ನರಗಳ ಕೊಂಡಿಗಳು ಬೆಸೆದುಕೊಳ್ಳುತ್ತವೆ. 5 ವರ್ಷ ಆಗುವಷ್ಟರಲ್ಲಿ ಮೆದುಳಿನ ಗಾತ್ರ ದೊಡ್ಡವರ ಮೆದುಳಿನ ನೂರಕ್ಕೆ ಸುಮಾರು 90 ಭಾಗಕ್ಕೆ ಬಂದಿರುತ್ತದೆ. ಕೂಸು ಕುಡಿದ ಹಾಲಿನ, ತಿಂದ ಗಂಜಿಯ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಮೆದುಳೇ ತಿಂದುಬಿಡುತ್ತದೆ. ಆ ಹೊತ್ತಿನಲ್ಲಿ ಕಬ್ಬಿಣದ ಅಂಶ ಸಾಲದಿದ್ದರೆ, ಅಯೋಡಿನ್ ಸಾಲದಿದ್ದರೆ, ಪದೇ ಪದೇ ಭೇದಿಯಾಗಿ ತಿಂದದ್ದು ಮೈಗೆ ಹತ್ತದಿದ್ದರೆ, ಮಾತಾಡಿಸುವವರು ಇಲ್ಲದಿದ್ದರೆ, ಕೊಂಡಿಗಳ ಕೆಲಸ ಹಿಂದೆ ಬೀಳುತ್ತದೆ. ಇವುಗಳಲ್ಲಿ ಎಷ್ಟಕ್ಕೆ ದುಡ್ಡು ಬೇಕು ಅಂತ ನೀವೇ ಎಣಿಸಿ ನೋಡಿ.

ಬಡವರ ಮಕ್ಕಳ ಮೆದುಳು ಚಿಕ್ಕದು ಅಂತ ವಾಟ್ಸಾಪಿನಲ್ಲಿ ಬಂದಿತ್ತು. ನಿಜಾನಾ?

ಈ ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ, ಯಾಕಂದರೆ ಅರ್ಧ ಓದಿ ಹಂಚಿದ್ದು ಅದು. ಅದರ ಹಿಂದಿರುವುದು 2015ರ ಒಂದು ಅಧ್ಯಯನ. ಅಮೆರಿಕದ ಮೆದುಳು ವಿಜ್ಞಾನಿ ಕಿಂಬರ್ಲಿ ನೋಬಲ್ ಮತ್ತು ಜೊತೆಯವರು 3ರಿಂದ 20 ವರ್ಷದ 1,099 ಮಕ್ಕಳ ಮೆದುಳನ್ನು ಸ್ಕ್ಯಾನ್ ಮಾಡಿ, ಮನೆಯ ವರಮಾನದ ಜೊತೆ ಹೋಲಿಸಿ ನೋಡಿದರು. ವರಮಾನ ಕಡಿಮೆ ಇದ್ದ ಮನೆಗಳ ಮಕ್ಕಳಲ್ಲಿ ಮೆದುಳಿನ ಹೊರಪದರದ ವಿಸ್ತಾರ ಸರಾಸರಿಯಲ್ಲಿ ಕಡಿಮೆ ಇತ್ತು. ಭಾಷೆ, ಓದು, ಗಮನ ಇವನ್ನು ನೋಡಿಕೊಳ್ಳುವ ಜಾಗಗಳಲ್ಲಿ ಅದು ಹೆಚ್ಚಾಗಿ ಕಂಡಿತು.

ಸರಾಸರಿ ಅನ್ನುವ ಪದ ಮರೆಯಬೇಡಿ. ಬಡ ಮನೆಯಲ್ಲೂ ಚೆನ್ನಾಗಿ ಬೆಳೆದ ಮೆದುಳುಗಳಿದ್ದವು, ಉಳ್ಳವರ ಮನೆಯಲ್ಲೂ ಅದಕ್ಕೆ ಉಲ್ಟಾ ಇದ್ದವು. ಒಂದು ಮಗುವಿನ ಮನೆಯ ರೇಷನ್ ಕಾರ್ಡ್ ನೋಡಿ ಅದರ ಬುದ್ಧಿ ಹೇಳಲು ಯಾರಿಗೂ ಆಗಲ್ಲ. ಆ ಅಧ್ಯಯನದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ವಿಷಯ. ತೀರಾ ಕಡಿಮೆ ವರಮಾನ ಇರುವ ಕಡೆ ಸಣ್ಣ ವ್ಯತ್ಯಾಸಕ್ಕೂ ಮೆದುಳಿನಲ್ಲಿ ದೊಡ್ಡ ಅಂತರ ಕಾಣುತ್ತಿತ್ತು, ಮೇಲಿನವರಲ್ಲಿ ಅಷ್ಟೇ ವ್ಯತ್ಯಾಸಕ್ಕೆ ಕಾಣುತ್ತಿದ್ದ ಅಂತರ ಸಣ್ಣದು. ಸಾಹುಕಾರರ ಮನೆಗೆ ಇನ್ನೆರಡು ಸಾವಿರ ಬಂದರೆ ಗೊತ್ತೇ ಆಗಲ್ಲ. ಲೈನ್ ಮನೆಗೆ ಬಂದರೆ ಅಡುಗೆಮನೆಯೇ ಬೇರೆಯಾಗುತ್ತದೆ, ಅಲ್ವಾ?

ಇದು ಬರೀ ಹೋಲಿಕೆ ಆಯ್ತು. ದುಡ್ಡು ಕೊಟ್ಟು ಪರೀಕ್ಷೆ ಮಾಡಿದವರು ಯಾರಾದರೂ ಇದ್ದಾರಾ?

ಇದ್ದಾರೆ. ಅದೇ ನೋಬಲ್ ಅವರ ತಂಡ. ಪ್ರಯೋಗದ ಹೆಸರು 'ಬೇಬೀಸ್ ಫಸ್ಟ್ ಇಯರ್ಸ್'. 2018–19ರಲ್ಲಿ ಅಮೆರಿಕದ ನ್ಯೂಯಾರ್ಕ್, ನ್ಯೂ ಆರ್ಲಿಯನ್ಸ್, ಒಮಾಹಾ, ಮಿನಿಯಾಪೊಲಿಸ್–ಸೇಂಟ್ ಪಾಲ್ ಈ ನಾಲ್ಕು ಕಡೆಯ 12 ಆಸ್ಪತ್ರೆಗಳಲ್ಲಿ ಆಗಷ್ಟೇ ಹೆತ್ತ 1,000 ಬಡ ತಾಯಂದಿರನ್ನು ಸೇರಿಸಿಕೊಂಡರು. ಚೀಟಿ ಎತ್ತಿದ ಹಾಗೆ, ಯಾವ ಆಯ್ಕೆಯೂ ಇಲ್ಲದೆ, ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತಿಂಗಳಿಗೆ 333 ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 24 ಸಾವಿರ ರೂಪಾಯಿ. ಇನ್ನೊಂದು ಗುಂಪಿಗೆ ಬರೀ 20 ಡಾಲರ್. ದುಡ್ಡು ಕಾರ್ಡಿಗೆ ಬೀಳುತ್ತಿತ್ತು, ಯಾವ ಷರತ್ತೂ ಇರಲಿಲ್ಲ, ಯಾವುದಕ್ಕೆ ಖರ್ಚು ಮಾಡಿದೆ ಅಂತ ಲೆಕ್ಕ ಕೊಡಬೇಕಾಗಿಯೂ ಇರಲಿಲ್ಲ.

ಚೀಟಿ ಎತ್ತುವುದು ಯಾಕೆ ಮುಖ್ಯ ಅಂದರೆ, ಸುಮ್ನೆ ಬಡವರನ್ನೂ ಉಳ್ಳವರನ್ನೂ ಹೋಲಿಸಿದರೆ ವ್ಯತ್ಯಾಸಕ್ಕೆ ದುಡ್ಡೇ ಕಾರಣವೋ, ಅಪ್ಪ ಅಮ್ಮನ ಓದು ಕಾರಣವೋ, ಊರು ಕಾರಣವೋ ಗೊತ್ತಾಗಲ್ಲ. ಇಲ್ಲಿ ಎರಡೂ ಗುಂಪಿನ ತಾಯಂದಿರು ಒಂದೇ ತರ. ಬೇರೆ ಇದ್ದದ್ದು ಕಾರ್ಡಿಗೆ ಬೀಳುವ ದುಡ್ಡು ಮಾತ್ರ.

ಕೊನೆಗೆ ಏನಾಯ್ತು?

ಎರಡು ಭಾಗ ಇದೆ, ಎರಡನ್ನೂ ಓದಿ. ಜನ ಮೊದಲನೆಯದು ಓದಿ ಕುಣಿಯುತ್ತಾರೆ, ಇಲ್ಲ ಎರಡನೆಯದು ಓದಿ "ನಾನು ಹೇಳಿರಲಿಲ್ವಾ" ಅನ್ನುತ್ತಾರೆ.

ಮಕ್ಕಳಿಗೆ 1 ವರ್ಷ ಆದಾಗ 435 ಕೂಸುಗಳ ತಲೆಗೆ ಇಇಜಿ ಟೋಪಿ ಹಾಕಿ ಮೆದುಳಿನ ಅಲೆಗಳನ್ನು ಅಳೆದರು. ನೋವಿಲ್ಲದ ಪರೀಕ್ಷೆ ಅದು, ಕೂಸು ಅಮ್ಮನ ತೊಡೆ ಮೇಲೇ ಇರಬಹುದು. ಜಾಸ್ತಿ ದುಡ್ಡು ಸಿಕ್ಕ ಮನೆಗಳ ಮಕ್ಕಳಲ್ಲಿ ವೇಗದ ಅಲೆಗಳು ಸ್ವಲ್ಪ ಜಾಸ್ತಿ ಕಂಡವು. ಇಂಥ ಅಲೆಗಳು ಜಾಸ್ತಿ ಇರುವ ಮಕ್ಕಳು ಮುಂದೆ ಮಾತು, ಕಲಿಕೆಯಲ್ಲಿ ಚುರುಕಾಗಿರುವುದು ಬೇರೆ ಅಧ್ಯಯನಗಳಲ್ಲಿ ಕಂಡಿತ್ತು. 2022ರ ಜನವರಿಯಲ್ಲಿ ಇದು ಪ್ರಕಟವಾದಾಗ ಪ್ರಪಂಚದ ಪತ್ರಿಕೆಗಳೆಲ್ಲ ಬರೆದವು.

ಅದೇ ಮಕ್ಕಳಿಗೆ 4 ವರ್ಷ ಆದಾಗ ಮತ್ತೆ ನೋಡಿದರು. ಮಾತು, ಗಮನ, ನಡವಳಿಕೆ, ಮೆದುಳಿನ ಅಲೆ ಯಾವುದರಲ್ಲೂ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. 2025ರಲ್ಲಿ ಇದು ಹೊರಬಂತು. ನಾನು ಓದಿದ ದಿನ ನಿಜಕ್ಕೂ ಬೇಜಾರಾಯಿತು, ಅಂಗಡಿಯ ಬಾಗಿಲು ಬೇಗ ಹಾಕಿಕೊಂಡು ಮನೆಗೆ ಹೋದೆ.

ಒಂದು ವಿಷಯ ಮಾತ್ರ ಗಮನಿಸಿ. ಈ ಮಕ್ಕಳು ಬೆಳೆದದ್ದು ಕೊರೊನಾ ಕಾಲದಲ್ಲಿ. ಆಗ ಅಮೆರಿಕದ ಸರ್ಕಾರ ಬಹುಪಾಲು ಮನೆಗಳಿಗೆ ದುಡ್ಡು ಹಾಕಿತ್ತು, 20 ಡಾಲರ್ ಗುಂಪಿಗೂ ಅದು ಸಿಕ್ಕಿತ್ತು. ಕೆಲಸ ಹೋಗುವುದು, ಮನೆಯಲ್ಲೇ ಇರುವುದು, ಭಯ, ಇವೂ ಎರಡೂ ಗುಂಪಿಗೆ ಇದ್ದವು. ಹಾಗಾಗಿ 333 ಡಾಲರಿನ ಪರಿಣಾಮ ಅದರಲ್ಲಿ ಮುಚ್ಚಿಹೋಗಿರಬಹುದು ಅನ್ನುವವರಿದ್ದಾರೆ. ಮೊದಲ ವರ್ಷದ ವ್ಯತ್ಯಾಸವೇ ಗಟ್ಟಿಯಿರಲಿಲ್ಲ ಅನ್ನುವವರೂ ಇದ್ದಾರೆ.

ಹಾಗಾದರೆ ದುಡ್ಡು ಕೊಟ್ಟು ಏನೂ ಪ್ರಯೋಜನ ಇಲ್ಲ ಅಂತಾಯ್ತಲ್ಲ?

ಇಲ್ಲ, ಹಾಗೆ ಆಗಲಿಲ್ಲ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಅಮೆರಿಕದ ನಾರ್ತ್ ಕೆರೊಲಿನಾದ ಗುಡ್ಡಗಾಡಿನಲ್ಲಿ ಚೆರೋಕಿ ಅನ್ನುವ ಮೂಲನಿವಾಸಿಗಳಿದ್ದಾರೆ. ಅಲ್ಲಿನ 1,420 ಮಕ್ಕಳ ಮನಸ್ಸಿನ ಆರೋಗ್ಯವನ್ನು ಸಂಶೋಧಕರು ವರ್ಷವರ್ಷ ನೋಡುತ್ತಾ ಬಂದಿದ್ದರು, ಅದರಲ್ಲಿ ಸುಮಾರು ಕಾಲು ಭಾಗ ಮೂಲನಿವಾಸಿ ಮಕ್ಕಳು. ನಡುವೆ ಆ ಸಮುದಾಯದವರು ಒಂದು ಕ್ಯಾಸಿನೊ ತೆರೆದು, ಲಾಭದ ಪಾಲನ್ನು ತಮ್ಮ ಸಮುದಾಯದವರಿಗೆಲ್ಲ ತಲೆಗಿಷ್ಟು ಅಂತ ಹಂಚಲು ಶುರುಮಾಡಿದರು. ಯಾರೂ ಯೋಜನೆ ಮಾಡದೆಯೇ ಒಂದು ದೊಡ್ಡ ಪ್ರಯೋಗ ಆಗಿಹೋಯಿತು. ಬಡತನದಿಂದ ಮೇಲೆ ಬಂದ ಮನೆಗಳ ಮಕ್ಕಳಲ್ಲಿ ಜಗಳ, ಹಟ, ಕೆಟ್ಟ ನಡವಳಿಕೆ ಕಡಿಮೆಯಾಯಿತು. ಯಾಕೆ ಅಂತ ಹುಡುಕಿದಾಗ ಸಿಕ್ಕ ಮುಖ್ಯ ಉತ್ತರ ಸರಳ: ಅಪ್ಪ ಅಮ್ಮನಿಗೆ ಮಕ್ಕಳ ಮೇಲೆ ನಿಗಾ ಇಡಲು ಪುರುಸೊತ್ತು ಸಿಕ್ಕಿತು. ಅತಿ ಬಡ ಮನೆಗಳ ಮಕ್ಕಳು ಮುಂದೆ ಒಂದು ವರ್ಷ ಜಾಸ್ತಿ ಓದಿದರು.

ಮೆಕ್ಸಿಕೊ ದೇಶ 1997ರಲ್ಲಿ ಬಡ ತಾಯಂದಿರಿಗೆ ದುಡ್ಡು ಕೊಡುವ ಯೋಜನೆ ಶುರುಮಾಡಿತು, ಮಕ್ಕಳ ತಪಾಸಣೆ, ಸ್ಕೂಲು ಅನ್ನುವ ಷರತ್ತಿನ ಜೊತೆ. ಜಾಸ್ತಿ ದುಡ್ಡು ಸಿಕ್ಕ ಮನೆಗಳ ಮಕ್ಕಳು ಎತ್ತರದಲ್ಲೂ, ಮಾತಿನಲ್ಲೂ, ಬುದ್ಧಿಯ ಪರೀಕ್ಷೆಗಳಲ್ಲೂ ಮುಂದಿದ್ದರು ಅಂತ 2008ರಲ್ಲಿ ಒಂದು ಅಧ್ಯಯನ ಬಂತು. 2023ರಲ್ಲಿ ಇನ್ನೊಂದು ಬಂತು. ಅಮೆರಿಕದ 17 ರಾಜ್ಯಗಳ 10 ಸಾವಿರಕ್ಕೂ ಹೆಚ್ಚು ಮಕ್ಕಳ ಸ್ಕ್ಯಾನ್ ನೋಡಿದಾಗ, ಬಡವರಿಗೆ ಧನಸಹಾಯ ಧಾರಾಳವಾಗಿ ಕೊಡುವ ರಾಜ್ಯಗಳಲ್ಲಿ, ನೆನಪಿಗೆ ಸಂಬಂಧಪಟ್ಟ ಹಿಪೊಕ್ಯಾಂಪಸ್ ಅನ್ನುವ ಭಾಗದ ಗಾತ್ರದಲ್ಲಿ ಬಡವರಿಗೂ ಉಳ್ಳವರಿಗೂ ಇರುವ ಅಂತರ ಕಡಿಮೆ ಇತ್ತು.

ಇದನ್ನೆಲ್ಲ ಓದಿ ನನಗೆ ಅನ್ನಿಸಿದ್ದು ಇಷ್ಟು. ದುಡ್ಡು ಮಾತ್ರೆ ಅಲ್ಲ, ನುಂಗಿದ ಕೂಡಲೇ ಮೆದುಳಿನ ಯಂತ್ರದಲ್ಲಿ ಕಾಣಲು. ಎಷ್ಟು, ಎಷ್ಟು ದಿನ, ಯಾವ ಊರಲ್ಲಿ, ಜೊತೆಗೆ ಅಂಗನವಾಡಿ ಆಸ್ಪತ್ರೆ ಇದೆಯಾ ಇಲ್ವಾ, ಇದರ ಮೇಲೆಲ್ಲ ನಿಂತಿದೆ. ಇನ್ನೊಂದು ಮಾತು. ಬಡ ತಾಯಿಯ ಕೈಗೆ ದುಡ್ಡು ಕೊಡಬೇಕಾ ಬೇಡವಾ ಅಂತ ತೀರ್ಮಾನಿಸಲು ಅವಳ ಮಗುವಿನ ಮೆದುಳಿನ ಅಲೆ ಯಾಕೆ ಸಾಕ್ಷಿ ಹೇಳಬೇಕು? ಕೂಸಿಗೆ ಹೊಟ್ಟೆ ತುಂಬಿದ್ದು ತಾನಾಗಿಯೇ ಒಂದು ಫಲಿತಾಂಶ.

ದುಡ್ಡು ಕೊಟ್ಟರೆ ಕುಡಿದು ಹಾಳು ಮಾಡ್ತಾರೆ, ಅಲ್ವಾ?

ಇದನ್ನು ಕೇಳದ ವಾರವೇ ಇಲ್ಲ. ಆ 333 ಡಾಲರಿನ ಪ್ರಯೋಗದಲ್ಲಿ ಇದನ್ನೂ ಲೆಕ್ಕ ಹಾಕಿದ್ದರು. ಜಾಸ್ತಿ ದುಡ್ಡು ಸಿಕ್ಕ ತಾಯಂದಿರು ಮದ್ಯಕ್ಕೆ, ಸಿಗರೇಟಿಗೆ ಜಾಸ್ತಿ ಖರ್ಚು ಮಾಡಲಿಲ್ಲ. ಜಾಸ್ತಿ ಆದದ್ದು ಮಗುವಿನ ಬಟ್ಟೆ, ಪುಸ್ತಕ, ಆಟದ ಸಾಮಾನಿನ ಖರ್ಚು, ಮತ್ತೆ ಮಗುವಿನ ಜೊತೆ ಕೂತು ಓದುವ, ಆಡುವ ಹೊತ್ತು. ನಮ್ಮಲ್ಲಿ ಗಂಡಸರ ಕುಡಿತ ದೊಡ್ಡ ಕಷ್ಟ, ಅದನ್ನು ಮುಚ್ಚಿಡಲ್ಲ. ಬಟವಾಡೆ ದಿನ ಸಂಜೆ ಏನಾಗುತ್ತದೆ ಅಂತ ಲೈನಿನಲ್ಲಿ ಇರುವವರಿಗೆ ಗೊತ್ತು. ಅದಕ್ಕೇ ದುಡ್ಡು ಹೆಂಗಸಿನ ಖಾತೆಗೇ ಬರಬೇಕು, ಪಾಸ್‌ಬುಕ್ಕೂ ಎಟಿಎಂ ಕಾರ್ಡೂ ಅವಳ ಹತ್ತಿರವೇ ಇರಬೇಕು ಅಂತ ನಾನು ಪ್ರತಿಯೊಬ್ಬರಿಗೂ ಹೇಳುವುದು.

ಅಮ್ಮನ ಚಿಂತೆ ಮಗುವಿನ ಮೆದುಳಿಗೆ ತಟ್ಟುತ್ತಾ?

ತಟ್ಟುತ್ತದೆ. ದಿನಾ ಜಗಳ, ಭಯ, ಸಾಲದವರ ಕೂಗಾಟ ಇರುವ ಮನೆಯಲ್ಲಿ ಕೂಸಿನ ಮೈಯಲ್ಲಿ ಕಾರ್ಟಿಸೋಲ್ ಅನ್ನುವ ಒತ್ತಡದ ರಸ ಏರಿಯೇ ಇರುತ್ತದೆ. ಒಂದು ಹೊತ್ತು ಏರಿ ಇಳಿದರೆ ತೊಂದರೆ ಇಲ್ಲ, ಎತ್ತಿಕೊಂಡು ಸಮಾಧಾನ ಮಾಡುವವರಿದ್ದರೆ ಇಳಿಯುತ್ತದೆ. ತಿಂಗಳುಗಟ್ಟಲೆ ಇಳಿಯದೇ ಇದ್ದರೆ ನೆನಪು, ಗಮನ ನೋಡಿಕೊಳ್ಳುವ ಜಾಗಗಳಿಗೆ ಪೆಟ್ಟು ಬೀಳುತ್ತದೆ.

ದೊಡ್ಡವರ ತಲೆಗೂ ಅಷ್ಟೇ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ಕಟಾವಾಗಿ ಕೈಗೆ ದುಡ್ಡು ಬಂದ ಮೇಲೆ ಒಮ್ಮೆ ಪರೀಕ್ಷೆ ಮಾಡಿದರು. ಅದೇ ಮನುಷ್ಯ, ಅದೇ ತಲೆ. ಕೈ ಖಾಲಿ ಇದ್ದಾಗ ಯೋಚನೆಯ ಪರೀಕ್ಷೆಯಲ್ಲಿ ಹಿಂದೆ ಬಿದ್ದ, ಕೈ ತುಂಬಿದಾಗ ಮುಂದೆ ಬಂದ. ನಮ್ಮ ಕಡೆ ಕಾಫಿ ಹಣ್ಣು ಕುಯ್ಯುವ ನವೆಂಬರಿನಿಂದ ಫೆಬ್ರವರಿವರೆಗೆ ಇರುವ ಮನೆಯ ಮುಖವೇ ಬೇರೆ, ಜುಲೈ ಮಳೆಯಲ್ಲಿ ಕೆಲಸ ಕಡಿಮೆಯಾದಾಗಿನ ಮುಖವೇ ಬೇರೆ.

ಒಬ್ಬಳು ತಾಯಿಯ ಮಾತು ಹೇಳುತ್ತೇನೆ. ಹೋದ ಸೀಸನ್‌ನಲ್ಲಿ ಹೆರಿಗೆಯಾಗಿತ್ತು. ಮೊದಲನೇ ಮಗುವಿಗೆ ಒಂದೂವರೆ ತಿಂಗಳಾಗುತ್ತಲೇ ಹಣ್ಣು ಕುಯ್ಯಲು ಹೋಗಿದ್ದಳಂತೆ, ಕೂಸನ್ನು ಗಿಡದ ಬುಡದಲ್ಲಿ ಸೀರೆ ಹಾಸಿ ಮಲಗಿಸಿ. ಈ ಸಲ ಹೆರಿಗೆಗೆ ಮುಂಚೆ ಬಂದ ದುಡ್ಡನ್ನು ಖರ್ಚು ಮಾಡದೆ ಹಾಗೇ ಇಟ್ಟುಕೊಂಡಿದ್ದಳು. "ಅಕ್ಕ, ಮೂರು ತಿಂಗಳು ಮನೇಲೇ ಇದ್ದೆ, ಇವನು ಮಾತಾಡಿಸಿದ್ರೆ ನಗ್ತಾನೆ ನೋಡಿ" ಅಂದಳು. ಹೌದು, ನಗುತ್ತಿದ್ದ, ಅವಳ ಮೂಗುಬೊಟ್ಟನ್ನೇ ನೋಡಿಕೊಂಡು. ಅವಳು ಏನನ್ನೂ ಕೊಂಡಿರಲಿಲ್ಲ. ಆ ದುಡ್ಡು ಕೊಟ್ಟದ್ದು ಹೊತ್ತು.

ನಮ್ಮಲ್ಲಿ ಬಸುರಿ, ಬಾಣಂತಿ, ಕೂಸಿಗೆ ಏನೇನು ಸಿಗುತ್ತದೆ?

ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡು ಕಂತು: 3,000 ಮತ್ತು 2,000. ಎರಡನೇ ಮಗು ಹೆಣ್ಣಾದರೆ 6,000, ಒಂದೇ ಸಲ. ಬಸುರಿಯಾಗಿ ಬೇಗ ಹೆಸರು ಬರೆಸಿ ತಪಾಸಣೆ ಮಾಡಿಸಿದರೆ ಮೊದಲ ಕಂತು, ಮಗುವಿನ ಜನನ ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆ ಆದ ಮೇಲೆ ಎರಡನೆಯದು. ಅಂಗನವಾಡಿ ಟೀಚರ್ ಅಥವಾ ಆಶಾ ಅಕ್ಕನಿಗೆ ಹೇಳಿ, ತಡ ಮಾಡಬೇಡಿ.

ರಾಜ್ಯದ ಗೃಹಲಕ್ಷ್ಮಿ 2023ರ ಆಗಸ್ಟಿನಿಂದ ಬಂದಿದೆ, ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಇರುವ ಹೆಂಗಸಿಗೆ ತಿಂಗಳಿಗೆ 2,000. ಮಾತೃಪೂರ್ಣದಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿ ಊಟ, ಮೊಟ್ಟೆ, ಹಾಲು, ಕಡಲೆ ಚಿಕ್ಕಿ. ಅಂಗನವಾಡಿ ಮಕ್ಕಳಿಗೆ ಕ್ಷೀರಭಾಗ್ಯದ ಹಾಲು ಇದೆ, ಮನೆಗೆ ಅನ್ನಭಾಗ್ಯದ ಅಕ್ಕಿ ಇದೆ. ಹೆಂಗಸರಿಗೆ ಬಸ್ಸು ಫ್ರೀ ಆಗಿರುವುದೂ ಇದಕ್ಕೇ ಸೇರುತ್ತದೆ ಅಂತ ನಾನು ಎಣಿಸುತ್ತೇನೆ, ಲಸಿಕೆಗೆ ಆಸ್ಪತ್ರೆಗೆ ಹೋಗಲು ಬಸ್ ಚಾರ್ಜು ನೋಡಿ ಮುಂದೂಡುತ್ತಿದ್ದವರು ಈಗ ಹೋಗುತ್ತಾರೆ.

ಬಂದ ದುಡ್ಡಿನಲ್ಲಿ ಮಗುವಿನ ಮೆದುಳಿಗೆ ಅಂತ ಏನು ತರಲಿ? ಟಿವಿಯಲ್ಲಿ ಬರುವ ಪೌಡರ್ ತರಲಾ?

ಬೇಡ. ಡಬ್ಬದ ದುಡ್ಡಿಗೆ ಮೊಟ್ಟೆ ತನ್ನಿ.

ಆರು ತಿಂಗಳವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಆಮೇಲೆ ಎದೆಹಾಲಿನ ಜೊತೆ ರಾಗಿ ಸರಿ, ಬೇಳೆ ಕಟ್ಟು, ತುಪ್ಪ ಹಾಕಿ ಮಿದ್ದ ಅನ್ನ, ಮೊಟ್ಟೆ, ಬಾಳೆಹಣ್ಣು, ಸೊಪ್ಪು. ನುಗ್ಗೆ ಸೊಪ್ಪು ಹಿತ್ತಲಲ್ಲೇ ಇರುತ್ತದೆ. 2019–21ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ 100 ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಇದೆ. ರಕ್ತಹೀನತೆಗೆ ದೊಡ್ಡ ಕಾರಣ ಕಬ್ಬಿಣದ ಕೊರತೆ. ನರಗಳ ಮೇಲಿನ ಹೊದಿಕೆ ಬೆಳೆಯಲು ಅದೇ ಕಬ್ಬಿಣ ಬೇಕು.

ನಮ್ಮ ಕಾಫಿ ನಾಡಿನವರಿಗೆ ಒಂದು ಮಾತು. ಲೈನ್ ಮನೆಗಳಲ್ಲಿ ಬೆಳಿಗ್ಗೆ ಎರಡು ವರ್ಷದ ಮಗುವಿಗೂ ಬೆಲ್ಲದ ಕಾಫಿ ಕೊಡುತ್ತಾರೆ, ಅದರಲ್ಲಿ ಬನ್ನು ಅದ್ದಿ. ಹೊಟ್ಟೆ ತಣ್ಣಗಾಗುತ್ತದೆ, ಅಳು ನಿಲ್ಲುತ್ತದೆ, ಅಮ್ಮ ಕೆಲಸಕ್ಕೆ ಹೊರಡಬಹುದು. ತಪ್ಪು ಅವಳದ್ದಲ್ಲ. ಆದರೆ ಕಾಫಿ, ಟೀ ಎರಡೂ ಊಟದ ಕಬ್ಬಿಣ ಮೈಗೆ ಹತ್ತದ ಹಾಗೆ ತಡೆಯುತ್ತವೆ. ಕೂಸಿಗೆ ಬೇಡವೇ ಬೇಡ, ಬಸುರಿಯರು ಊಟದ ಜೊತೆ ಕುಡಿಯಬೇಡಿ, ಕಬ್ಬಿಣದ ಮಾತ್ರೆ ನುಂಗುವ ಹೊತ್ತಿನಲ್ಲಂತೂ ಬೇಡ. ಉಪ್ಪು ಅಯೋಡಿನ್ ಇರುವ ಪ್ಯಾಕೆಟ್ಟಿನದ್ದೇ ಇರಲಿ, ಮಲೆನಾಡಿನಲ್ಲಿ ಗಳಗಂಡ ಕಂಡವರಿಗೆ ಅದರ ಬೆಲೆ ಗೊತ್ತು.

ಆಟಿಕೆ, ಪುಸ್ತಕಕ್ಕೆ ದುಡ್ಡಿಲ್ಲ. ಏನು ಮಾಡಲಿ?

ಜಮೈಕಾದಲ್ಲಿ 1986–87ರಲ್ಲಿ ಬೆಳವಣಿಗೆ ಕುಂಠಿತವಾದ 129 ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಕೆಲವು ಮನೆಗಳಿಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ, ಒಂದು ಗಂಟೆ, ಎರಡು ವರ್ಷ ಹೋದರು. ಮನೆಯಲ್ಲಿರುವ ಸಾಮಾನಿನಲ್ಲೇ ಆಟಿಕೆ ಮಾಡಿ, ಮಗುವಿನ ಜೊತೆ ಹೇಗೆ ಆಡಬೇಕು, ಮಾತಾಡಬೇಕು ಅಂತ ತಾಯಿಗೆ ತೋರಿಸಿಕೊಟ್ಟರು. 20 ವರ್ಷದ ಮೇಲೆ ಆ ಮಕ್ಕಳು ಉಳಿದವರಿಗಿಂತ ನೂರಕ್ಕೆ ಸುಮಾರು 25ರಷ್ಟು ಜಾಸ್ತಿ ಸಂಪಾದಿಸುತ್ತಿದ್ದರು.

ಲೋಟ, ಮುಚ್ಚಳ, ಹುಣಸೆ ಬೀಜ (ಬಾಯಿಗೆ ಹಾಕದ ಹಾಗೆ ನೋಡಿಕೊಳ್ಳಿ), ಎಲೆ ಎಣಿಸುವುದು, ಲಾಲಿ ಹಾಡು, ಅಜ್ಜಿ ಕಥೆ. ತುಳು, ಲಂಬಾಣಿ, ತಮಿಳು, ಯಾವ ಭಾಷೆ ಮನೆಯದ್ದೋ ಅದರಲ್ಲೇ ಮಾತಾಡಿಸಿ. ಕೂಸಿನ ಕೈಗೆ ಮೊಬೈಲ್ ಕೊಟ್ಟು ಕೂರಿಸಿದರೆ ಅದು ಮಾತಾಡಿಸಿದ ಹಾಗೆ ಆಗಲ್ಲ.

ನನ್ನ ಮಗುವಿಗೆ ಆಗಲೇ ನಾಲ್ಕು ವರ್ಷ. ಕಾಲ ಮೀರಿತಾ?

ಇಲ್ಲ. ಮೊದಲ ಸಾವಿರ ದಿನ, ಅಂದರೆ ಹೊಟ್ಟೆಯಲ್ಲಿದ್ದಾಗಿನಿಂದ ಎರಡು ವರ್ಷದವರೆಗೆ, ಮುಖ್ಯ ನಿಜ, ಆದರೆ ಮೆದುಳು 20 ದಾಟಿದ ಮೇಲೂ ಬದಲಾಗುತ್ತಿರುತ್ತದೆ. ಇವತ್ತಿನಿಂದಲೇ ಅಂಗನವಾಡಿಗೆ ಕಳಿಸಿ.

ತಿಂಗಳು ತಿಂಗಳು ಯಾಕೆ? ವರ್ಷಕ್ಕೊಮ್ಮೆ ದೊಡ್ಡ ಮೊತ್ತ ಕೊಟ್ಟರೆ ಒಳ್ಳೇದಲ್ವಾ?

ಮೇಕೆ ಕೊಳ್ಳಲು, ಸೂರು ಹಾಕಿಸಲು ದೊಡ್ಡ ಮೊತ್ತ ಒಳ್ಳೆಯದು. ಕೂಸಿನ ಹೊಟ್ಟೆಗೆ ತಿಂಗಳಿನದ್ದೇ ಬೇಕು. ಕಂತು ಮೂರು ತಿಂಗಳು ನಿಂತು ಒಟ್ಟಿಗೆ ಬಂದಾಗ ಏನಾಗುತ್ತದೆ ಅಂತ ನಾನು ಅಂಗಡಿಯಲ್ಲಿ ನೋಡುತ್ತೇನೆ. ಅಷ್ಟರಲ್ಲಿ ಕಿರಾಣಿ ಅಂಗಡಿಯಲ್ಲಿ ಸಾಲ ಆಗಿರುತ್ತದೆ, ಸಂಘದ ವಾರದ ಕಂತು ಬಾಕಿ ಬಿದ್ದಿರುತ್ತದೆ, ಮೇಸ್ತ್ರಿ ಹತ್ತಿರ ಅಡ್ವಾನ್ಸ್ ತಗೊಂಡಾಗಿರುತ್ತದೆ. ಬಂದ ಆರು ಸಾವಿರ ಸಂಜೆಯೊಳಗೆ ಹಳೆ ಬಾಕಿಗೆ ಹೋಗುತ್ತದೆ. ಮೂರು ತಿಂಗಳು ಕೂಸು ಮೊಟ್ಟೆ ತಿಂದಿರಲ್ಲ, ಈಗ ಒಟ್ಟಿಗೆ ಅಷ್ಟೂ ಮೊಟ್ಟೆ ತಿನ್ನಿಸಲು ಆಗುತ್ತಾ? ಎರಡು ಸಾವಿರವೇ ಇರಲಿ, ಇಂಥ ದಿನ ಬರುತ್ತದೆ ಅನ್ನುವ ಧೈರ್ಯ ಇದ್ದರೆ ತಾಯಿ ಅಡ್ವಾನ್ಸ್ ಕೇಳಲು ಹೋಗಲ್ಲ, ರಾತ್ರಿ ನಿದ್ದೆ ಮಾಡುತ್ತಾಳೆ. ಯೋಜನೆ ಮಾಡುವವರು ಮೊತ್ತದ ಬಗ್ಗೆ ಎಷ್ಟು ಮಾತಾಡುತ್ತಾರೋ ತಾರೀಖಿನ ಬಗ್ಗೆಯೂ ಅಷ್ಟೇ ಮಾತಾಡಬೇಕು.

ದುಡ್ಡು ಬಂದಿದೆ, ಆದರೆ ಹೆಬ್ಬೆಟ್ಟು ಹಿಡಿಯುತ್ತಿಲ್ಲ. ಏನು ಮಾಡಲಿ?

ಹಣ್ಣು ಕುಯ್ಯುವ ಕಾಲದಲ್ಲಿ ಇದು ದಿನದ ಕಥೆ. ಕಾಫಿ ಹಣ್ಣಿನ ಅಂಟು ಬೆರಳಿಗೆ ಕಪ್ಪಗೆ ಹತ್ತಿರುತ್ತದೆ, ಗೆರೆ ಸವೆದಿರುತ್ತದೆ, ಮೆಷಿನ್ ಹಿಡಿಯಲ್ಲ. ಹಿಂದಿನ ರಾತ್ರಿ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ, ಬೆಳಿಗ್ಗೆ ಹುಣಸೆಹುಳಿ ಹಾಕಿ ತಿಕ್ಕಿ ಬಿಸಿನೀರಿನಲ್ಲಿ ತೊಳೆದು, ಚೆನ್ನಾಗಿ ಒರೆಸಿಕೊಂಡು ಬನ್ನಿ. ಹೆಬ್ಬೆರಳೇ ಆಗಬೇಕಂತಿಲ್ಲ, ಹತ್ತು ಬೆರಳಲ್ಲಿ ಯಾವುದಾದರೂ ಆಗುತ್ತದೆ, ಒಂದೊಂದಾಗಿ ಇಟ್ಟು ನೋಡಿ. ಯಾವುದೂ ಆಗದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಟ್ಟು ಬನ್ನಿ, ಫೋನ್ ನಂಬರನ್ನೂ ಸೇರಿಸಿಸಿ. ಕೂಸನ್ನು ಕರೆದುಕೊಂಡೇ ಬನ್ನಿ. ಅಂಗಡಿಯಲ್ಲಿ ಚಾಪೆ ಹಾಸಿದ್ದೇನೆ.